ನೋಟ ನೇರವಾಗಲು ವಯಸ್ಸು ಮೀರಿಲ್ಲ

‘ನನ್ನನ್ನು ನೋಡಿ ಮಾತಾಡಪ್ಪ.’ ಮೈಸೂರಿನಲ್ಲಿ ಕೆಲಸದ ಸಂದರ್ಶನಕ್ಕೆ ಹೋದಾಗ ಈ ಮಾತು ಕೇಳಿದೆ. ನಾನು ಅವರನ್ನೇ ನೋಡುತ್ತಿದ್ದೆ. ಎಡಗಣ್ಣು ಮಾತ್ರ ಮೂಗಿನ ಕಡೆ ತಿರುಗಿತ್ತು.

ಮೆಳ್ಳೆಗಣ್ಣು ಅದೃಷ್ಟ ಎನ್ನುವವರು ನಮ್ಮ ಕೊಳ್ಳೇಗಾಲದ ಕಡೆಯೂ ಇದ್ದಾರೆ. ಅಜ್ಜಿಯೂ ನಂಬಿದ್ದಳು. ಚಿಕ್ಕಂದಿನಲ್ಲಿ ಯಾರೂ ಆಸ್ಪತ್ರೆಗೆ ತೋರಿಸಲಿಲ್ಲ. ಬೆಳೆದ ಮೇಲೆ ‘ಇನ್ನು ವಯಸ್ಸು ಮೀರಿತು’ ಎಂದರು. ಎರಡೂ ತಪ್ಪೆಂದು ತಿಳಿದಿದ್ದು ಡಿಗ್ರಿ ಮುಗಿಸಿ ಕಣ್ಣಿನ ವೈದ್ಯರ ಬಳಿ ಹೋದಾಗ.

ಪ್ರತಿ ಕಣ್ಣನ್ನೂ ಆರು ಸ್ನಾಯುಗಳು ತಿರುಗಿಸುತ್ತವೆ. ಅವನ್ನು ಸಡಿಲಿಸಿ ಅಥವಾ ಬಿಗಿಗೊಳಿಸಿ ಕಣ್ಣನ್ನು ನೇರ ಮಾಡುವ ಶಸ್ತ್ರಚಿಕಿತ್ಸೆ ದೊಡ್ಡವರಿಗೂ ಮಾಡುತ್ತಾರೆ. ಕೆಲವರಿಗೆ ಪ್ರಿಸಂ ಕನ್ನಡಕ ಸಾಕು. ಕೆಲವರಿಗೆ ಬೊಟಾಕ್ಸ್ ಚುಚ್ಚುಮದ್ದು. ಸುಕ್ಕು ಅಳಿಸಲು ಹೆಸರಾದ ಈ ಮದ್ದಿಗೆ 1989ರಲ್ಲಿ ಅಮೆರಿಕ ಮೊದಲು ಒಪ್ಪಿಗೆ ಕೊಟ್ಟಿದ್ದೇ ಮೆಳ್ಳೆಗಣ್ಣು ಮತ್ತು ರೆಪ್ಪೆ ಸೆಳೆತಕ್ಕೆ. ಬೆಂಗಳೂರಿನ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆಯಲ್ಲೂ ಮೆಳ್ಳೆಗಣ್ಣಿಗೆ ಚಿಕಿತ್ಸೆಯಿದೆ.

ಬಾಲ್ಯದಲ್ಲೇ ಮಂದವಾದ ದೃಷ್ಟಿ ಮಾತ್ರ ಶಸ್ತ್ರಚಿಕಿತ್ಸೆಯಿಂದ ಮರಳದು. ಅದಕ್ಕೇ ಮಕ್ಕಳನ್ನು ಬೇಗ ತೋರಿಸಬೇಕು. ದೊಡ್ಡವರಿಗೆ ಏಕಾಏಕಿ ಎಲ್ಲವೂ ಎರಡೆರಡಾಗಿ ಕಂಡರೆ ಅಂದೇ ವೈದ್ಯರ ಬಳಿ ಹೋಗಬೇಕು. ಸಕ್ಕರೆ ಕಾಯಿಲೆ, ಪಾರ್ಶ್ವವಾಯು ಕಾರಣವಿರಬಹುದು.

ಮುಂದಿನ ತಿಂಗಳು ನನ್ನ ಶಸ್ತ್ರಚಿಕಿತ್ಸೆ. ಅದೃಷ್ಟ ಹೋದೀತೆಂದು ಅಜ್ಜಿಗೆ ಭಯ.

‘ಹೋದ್ರೆ ಹೋಗ್ಲಿ ಬುಡಜ್ಜಿ, ಇಷ್ಟು ದಿನ ಏನ್ ಬಂತು?’ ಎಂದೆ. ಅವಳೂ ನಕ್ಕಳು.