ಬ್ಯಾಲೆ ಮೊದಲ ಪಾಠ, ಪರಸಿ ಕಲ್ಲಿನ ಮ್ಯಾಲೆ

ರಾಯಚೂರಿರಲಿ, ಮಾನ್ವಿ, ದೇವದುರ್ಗ ಇರಲಿ, ರೀಲ್ ನೋಡಿ ಮಗಳು ತುದಿಗಾಲಲ್ಲಿ ಗಿರಗಿರ ತಿರುಗ್ತಾಳ. ಬ್ಯಾಲೆ ಶುರುವಾಗೋದು ಅಲ್ಲಿಂದ ಅಲ್ರಿ.

ಮೊದಲು ಪ್ಲಿಯೆ. ಹಿಮ್ಮಡಿ ನೆಲಕ್ಕ, ಬೆನ್ನು ನೆಟ್ಟಗ, ಮೊಣಕಾಲು ನಿಧಾನ ಮಡಚಿ ಕಾಲ್ಬೆರಳಿನ ದಿಕ್ಕಿಗೇ ಬಿಡಬೇಕು. ಭರತನಾಟ್ಯದ ಅರೆಮಂಡಿಗೆ ಇದು ಹತ್ತಿರದ ನೆಂಟ. ಪಾದ ಹೊರಗ ತಿರುಗಬೇಕಾದ್ದು ಸೊಂಟದ ಕೀಲಿನಿಂದ. ಮೊಣಕಾಲು ತಿರುಚಿದ್ರ ನೋವು ಗ್ಯಾರಂಟಿ. ಐದಾರು ವರ್ಷದ ಕೂಸಿಗೆ ಇಷ್ಟು ಭಾಷಣ ಬ್ಯಾಡ, ಚಪ್ಪಾಳೆ ತಾಳಕ್ಕ ಮಾಡಿ ತೋರಿಸ್ರಿ.

ಹಾಂ, ನೆಲ! ನಮ್ಮ ಕಡೆ ಪರಸಿ ಕಲ್ಲು ಒಂಚೂರೂ ಬಗ್ಗಂಗಿಲ್ಲ. ಜಿಗಿಯೋದು ಕಡಿಮೆ ಮಾಡ್ರಿ, ಇಲ್ಲಾಂದ್ರ ಪ್ಲೈವುಡ್ ಕೆಳಗ ಫೋಮ್ ಕೊಟ್ಟು ನೆಲ ಮಾಡಿಸ್ರಿ. ಬರೀ ಜಮಖಾನ ಹಾಸಿದ್ರ ಕಾಲು ಜಾರ್ತದ.

ಗಟ್ಟಿ ತುದಿಯ ಪಾಯಿಂಟ್ ಶೂ? ಸಾಮಾನ್ಯವಾಗಿ 11-12 ವರ್ಷ ಆಗೋತನಕ ಬ್ಯಾಡ. ಅದೂ ವರ್ಷಗಟ್ಟಲೆ ಕಲಿತು, ಪಾದ ಗಟ್ಟಿಯಾದ ಮ್ಯಾಲೆ. ಆನ್‌ಲೈನ್‌ನಾಗ ಸೋವಿ ಸಿಕ್ತು ಅಂತ ತರಬ್ಯಾಡ್ರಿ!