ಮಂಗನ ಸಾವು: ಮನುಷ್ಯನಿಗೆ ಎಚ್ಚರಿಕೆ

ಕಾಡಿನ ನಡುವೆ ಮಂಗವೊಂದು ಸತ್ತುಬಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಯಾರು? ಆದರೆ ಮಲೆನಾಡಿನಲ್ಲಿ ಆ ಸಾವಿನ ಸುದ್ದಿ ತಕ್ಕವರಿಗೆ ತಕ್ಕ ವೇಳೆಯಲ್ಲಿ ಮುಟ್ಟಿತೇ ಇಲ್ಲವೇ ಎಂಬುದರ ಮೇಲೆ ಹಲವು ಮನೆಗಳ ನೆಮ್ಮದಿ ನಿಂತಿದೆ.

೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳೂ ಮುಸುವಗಳೂ ಒಂದರ ಹಿಂದೊಂದು ಸತ್ತುಬಿದ್ದವು. ಸುತ್ತಣ ಹಳ್ಳಿಗಳ ಜನ ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಎರಡಕ್ಕೂ ನಂಟುಂಟೆಂದು ಊಹಿಸಿದ ಹಳ್ಳಿಗರು ಅದನ್ನು ‘ಮಂಗನ ಕಾಯಿಲೆ’ ಎಂದು ಕರೆದರು. ಆಫ್ರಿಕದ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೋ ಎಂದು ತಜ್ಞರು ಶಂಕಿಸಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸತ್ತ ಮಂಗದ ದೇಹದಿಂದ ವೈರಸನ್ನು ಬೇರ್ಪಡಿಸಿದಾಗ, ಅದು ಜಗತ್ತು ಅದುವರೆಗೆ ಅರಿಯದ ಹೊಸ ರೋಗವೆಂದು ತಿಳಿಯಿತು.

ಈ ರೋಗವನ್ನು ಹರಡುವುದು ಉಣುಗು. ಮಂಗ ಸತ್ತೊಡನೆ ಉಣುಗುಗಳು ಅದರ ಮೈ ಬಿಟ್ಟು ತರಗೆಲೆಗಳಿಗೆ ಇಳಿಯುತ್ತವೆ. ಸೌದೆಗೋ ಸೊಪ್ಪಿಗೋ ಬಂದವರನ್ನು ಕಚ್ಚುತ್ತವೆ. ೩ರಿಂದ ೮ ದಿನಗಳೊಳಗೆ ಜ್ವರ ಏರುತ್ತದೆ. ರೋಗ ತಗಲಿದ ನೂರು ಮಂದಿಯಲ್ಲಿ ಮೂವರೋ ಐವರೋ ಅಸುನೀಗುವುದುಂಟು. ಇದಕ್ಕೆಂದೇ ಮೀಸಲಾದ ಮದ್ದಿಲ್ಲ. ಹಲವು ವರ್ಷ ಕೊಡುತ್ತಿದ್ದ ಲಸಿಕೆಯನ್ನೂ ಸಾಕಷ್ಟು ರಕ್ಷಣೆ ನೀಡದೆಂದು ೨೦೨೨ರಲ್ಲಿ ನಿಲ್ಲಿಸಲಾಯಿತು. ಮಂಗ ಸತ್ತ ಸ್ಥಳದ ಸುತ್ತ ಕೀಟನಾಶಕ ಉದುರಿಸಿ, ಜನರು ಅತ್ತ ಸುಳಿಯದಂತೆ ತಡೆಯಬಹುದು. ಅದಕ್ಕೆ ಬೇಕಾದುದು ಸುದ್ದಿ.

ಆದರೆ ಆ ಸುದ್ದಿ ಒಂದೆಡೆ ಇರುವುದಿಲ್ಲ. ಸತ್ತ ಮಂಗ ಅರಣ್ಯ ರಕ್ಷಕನ ಕಣ್ಣಿಗೆ ಬೀಳುತ್ತದೆ; ಶವಪರೀಕ್ಷೆ ಪಶುವೈದ್ಯರ ಕೆಲಸ; ಜ್ವರದ ರೋಗಿ ಹೋಗುವುದು ಆರೋಗ್ಯ ಕೇಂದ್ರಕ್ಕೆ; ರೋಗವನ್ನು ಖಚಿತಪಡಿಸುವುದು ಪ್ರಯೋಗಶಾಲೆ. ನಾಲ್ವರೂ ಬರೆದದ್ದು ನಾಲ್ಕು ಕಪಾಟುಗಳಲ್ಲಿ ಉಳಿದರೆ ಯಾರಿಗೆ ಪ್ರಯೋಜನ? ಕಾಡಿಗಂತೂ ಗಡಿಯಿಲ್ಲ. ೨೦೧೨-೧೩ರಲ್ಲಿ ಬಂಡೀಪುರದಲ್ಲಿ ಮಂಗಗಳ ಕಳೇಬರಗಳನ್ನು ಮುಟ್ಟಿದ ಸಿಬ್ಬಂದಿಗೆ ರೋಗ ತಗಲಿತು. ಅದೇ ಸುಮಾರಿಗೆ ತಮಿಳುನಾಡಿನ ನೀಲಗಿರಿಯಲ್ಲೂ ಕೇರಳದ ವಯನಾಡಿನಲ್ಲೂ ರೋಗದ ಸುಳಿವು ಸಿಕ್ಕಿತು. ಕಾಡು ಒಂದೇ, ಅದರ ದಾಖಲೆಗಳು ಮಾತ್ರ ಮೂರು ರಾಜ್ಯಗಳವು.

ಈ ಚದುರಿದ ಸುದ್ದಿಗಳನ್ನು ಕೂಡಿಸಲು ೨೦೦೪ರಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಆರಂಭವಾಯಿತು. ಲಕ್ಷಣ ಕಂಡ ಆರೋಗ್ಯ ಕಾರ್ಯಕರ್ತೆಗೆ ‘ಎಸ್’ ನಮೂನೆ, ರೋಗವನ್ನು ಶಂಕಿಸಿದ ವೈದ್ಯರಿಗೆ ‘ಪಿ’ ನಮೂನೆ, ಪರೀಕ್ಷೆ ಮಾಡಿದ ಪ್ರಯೋಗಶಾಲೆಗೆ ‘ಎಲ್’ ನಮೂನೆ. ಆದರೆ ವರದಿ ವಾರಕ್ಕೊಂದು. ಮೂರೇ ದಿನದಲ್ಲಿ ಜ್ವರ ತರಬಲ್ಲ ರೋಗಕ್ಕೆ ವಾರದ ವರದಿಯೆಂದರೆ, ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆಯೇ ಸರಿ.

೨೦೧೮ರಲ್ಲಿ ಕರ್ನಾಟಕವೂ ಸೇರಿದಂತೆ ೭ ರಾಜ್ಯಗಳಲ್ಲಿ ಮೊದಲಾಗಿ, ೨೦೨೧ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಸಮಗ್ರ ಆರೋಗ್ಯ ಮಾಹಿತಿ ವೇದಿಕೆ ಈ ಕೊರತೆಯನ್ನು ತುಂಬಲು ಹೊರಟಿತು. ಹಳ್ಳಿಯ ಕಾರ್ಯಕರ್ತೆ ಕೈಯ ಯಂತ್ರದಲ್ಲಿ ನಮೂದಿಸಿದ್ದು ಜಿಲ್ಲೆ, ರಾಜ್ಯ, ಕೇಂದ್ರಗಳ ಅಧಿಕಾರಿಗಳಿಗೆ ಅಂದಂದೇ ಕಾಣುವಂತಾಯಿತು. ರೋಗ ಕಂಡ ಸ್ಥಳವನ್ನು ನಕ್ಷೆಯ ಮೇಲೆ ಗುರುತಿಸುವ ಅನುಕೂಲವೂ ಒದಗಿತು.

ಆದರೂ ಯಂತ್ರವು ಬರೆದುದನ್ನಷ್ಟೇ ಸಾಗಿಸಬಲ್ಲುದು. ಅರಣ್ಯ ರಕ್ಷಕನ ಮಾತು ವೈದ್ಯರ ಕಿವಿಗೆ ಬೀಳಬೇಕಾದರೆ ಇಲಾಖೆಗಳ ನಡುವಣ ಬೇಲಿಗಳೂ ತೆರೆಯಬೇಕು. ಇತ್ತ ರೋಗಿಯ ಹೆಸರು ಬೀದಿಪಾಲಾಗದಂತೆ ಕಾಯುವ ಹೊಣೆಯೂ ಉಂಟು. ಮುನ್ನೆಚ್ಚರಿಕೆಗೆ ಬೇಕಾದುದು ಊರು, ದಿನ, ಸಂಖ್ಯೆ. ಯಾರದೋ ಮನೆಯ ಗುಟ್ಟಲ್ಲ.

ಕ್ಯಾಸನೂರಿನ ಹಳ್ಳಿಗರು ಕಾಡಿನ ಸಾವನ್ನೂ ಮನೆಯ ಜ್ವರವನ್ನೂ ಕೂಡಿಸಿ ನೋಡಿದ್ದರು. ಇಂದಿನ ಕಚೇರಿಗಳು ಮಾಡಬೇಕಾದುದೂ ಅದನ್ನೇ.