ಮುಖ ಹೊಂದದ ತಾಯಿ, ಲೆಕ್ಕಕ್ಕೆ ಸಿಗದ ಕೂಸು

ಗದಗ ತಾಲ್ಲೂಕಿನ ಕುರ್ತಕೋಟಿಯಂಥ ಊರಿಗೆ ಮೊಬೈಲ್ ಫೋನು ಒಳ್ಳೆಯದನ್ನು ತಂದಿದೆ, ಅದನ್ನು ಮೊದಲೇ ಹೇಳಬೇಕು. ಇ-ಸಂಜೀವಿನಿ ಆ್ಯಪ್‌ನಲ್ಲಿ ಗದಗಿಗೆ ಬಸ್ಸು ಹತ್ತದೆಯೇ ವೈದ್ಯರ ಸಲಹೆ ಪಡೆಯಬಹುದು. ಕೂಸಿನ ತೂಕ, ಎತ್ತರ, ಲಸಿಕೆಯ ತಾರೀಖು ಕಳೆದುಹೋಗದಂತೆ ಉಳಿಯುತ್ತವೆ. ಆದರೆ ನೆರವಿಗೆಂದು ಬಂದ ಅದೇ ಫೋನು ಈಗ ಅಂಗನವಾಡಿಯ ಬಾಗಿಲಲ್ಲಿ ನಿಂತು, ಯಾರು ಒಳಗೆ ಯಾರು ಹೊರಗೆ ಎಂದು ತೀರ್ಮಾನಿಸತೊಡಗಿದೆ. ಆತಂಕ ಇರುವುದು ಇಲ್ಲಿ.

2021ರಲ್ಲಿ ಅಂಗನವಾಡಿಗಳಿಗೆಂದು ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ 2025ರ ಜುಲೈ 1ರಿಂದ ಮುಖ ಗುರುತಿಸುವಿಕೆ ಕಡ್ಡಾಯವಾಯಿತು. ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಕೊಡುವ ಮೊದಲು ಫಲಾನುಭವಿಯ ಮುಖ ಹೊಂದಬೇಕು. ಅದಕ್ಕೂ ಮುಂಚೆ ಆಧಾರ್ ಇ-ಕೆವೈಸಿ ಆಗಬೇಕು. ಅದರ ಒಟಿಪಿ ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ನಂಬರು ಎಷ್ಟೋ ಮನೆಗಳಲ್ಲಿ ಗಂಡನದು. ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾಗಳಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋದ ಗಂಡ ಕೆಲಸದ ನಡುವೆ ಫೋನು ಎತ್ತಬೇಕು, ಒಟಿಪಿಯ ಅವಧಿ ಮುಗಿಯುವುದರೊಳಗೆ ಅಂಕಿ ಓದಿ ಹೇಳಬೇಕು. ಅಷ್ಟಾದ ಮೇಲೆ ಬಗಲಲ್ಲಿ ಕೂಸನ್ನು ಹೊತ್ತ ತಾಯಿ ಸೆರಗು ಸರಿಸಿ, ಬೆಳಕಿಗೆ ತಿರುಗಿ, ಕಣ್ಣು ಮಿಟುಕಿಸಬೇಕು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಗಂಡಸರು ಶೇ. 62, ಹೆಂಗಸರು ಶೇ. 35. ಇಷ್ಟು ಅಂತರವಿರುವ ರಾಜ್ಯದಲ್ಲಿ ತಾಯಂದಿರ ಹಕ್ಕನ್ನೇ ಫೋನಿಗೆ ಕಟ್ಟಿಹಾಕಿದ್ದೇವೆ.

ಯಂತ್ರ ಮುಖವನ್ನು ನಮ್ಮ ಹಾಗೆ ನೋಡುವುದಿಲ್ಲ. ಮುಖವನ್ನು ಅಂಕಿಗಳ ಸಾಲಾಗಿ ಬದಲಿಸಿ, ಹಳೆಯ ಫೋಟೊದ ಅಂಕಿಗಳ ಜೊತೆ ತಾಳೆ ನೋಡುತ್ತದೆ. ಹೋಲಿಕೆ ಗೊತ್ತುಪಡಿಸಿದ ಮಟ್ಟ ಮುಟ್ಟದಿದ್ದರೆ ತಿರಸ್ಕರಿಸುತ್ತದೆ. ಎರಡು ಫೋಟೊಗಳ ನಡುವೆ ವರ್ಷಗಳು ಹೆಚ್ಚಿದಷ್ಟೂ, ಬೆಳಕು ಕೆಟ್ಟಷ್ಟೂ ತಪ್ಪು ಹೆಚ್ಚುತ್ತದೆ ಎಂಬುದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ನಡೆಸಿದ ಪರೀಕ್ಷೆಗಳಲ್ಲಿ ಕಂಡ ಸಂಗತಿ. ಹನ್ನೆರಡನೇ ವಯಸ್ಸಿನಲ್ಲಿ ಆಧಾರ್ ಮಾಡಿಸಿ ಇಪ್ಪತ್ತರಲ್ಲಿ ತಾಯಿಯಾದವಳ ಮುಖ ಹೊಂದದಿದ್ದರೆ ಅದು ಅವಳ ತಪ್ಪೇ?

ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ಈ ತಪ್ಪು ಇವತ್ತು ಒಬ್ಬರಿಗೆ, ನಾಳೆ ಇನ್ನೊಬ್ಬರಿಗೆ ಎಂದು ಹಂಚಿಹೋಗುವಂಥದ್ದಲ್ಲ. ಹಳೆಯ ಫೋಟೊ, ದೂರದಲ್ಲಿರುವ ಗಂಡನ ನಂಬರು, ಸಿಗ್ನಲ್ ಬಾರದ ಓಣಿ: ಈ ಕಾರಣಗಳು ತಿಂಗಳು ಕಳೆದರೂ ಹಾಗೇ ಇರುತ್ತವೆ. ಆದ್ದರಿಂದ ಪ್ರತಿ ತಿಂಗಳೂ ಆಹಾರ ತಪ್ಪುವುದು ಅದೇ ತಾಯಿಗೆ, ಅದೇ ಕೂಸಿಗೆ. ಮೇಲಿನ ಕಚೇರಿಯ ಪರದೆಯಲ್ಲಿ ಮಾತ್ರ ಅವಳು ಆಹಾರ ಪಡೆಯದವಳು, ಅಷ್ಟೇ. ಬಂದು ಬರಿಗೈಲಿ ಹೋದದ್ದು ಅಲ್ಲಿ ಕಾಣದಿದ್ದರೆ ವಂಚಿತಳ ಪಾಲು ಉಳಿತಾಯದ ಲೆಕ್ಕಕ್ಕೆ ಜಮೆಯಾಗುತ್ತದೆ.

ಇದು ಬರಿ ಊಹೆ ಎನ್ನುವವರು ಜಾರ್ಖಂಡ್ ನೋಡಲಿ. ಪಡಿತರಕ್ಕೆ ಬೆರಳಚ್ಚು ಕಡ್ಡಾಯ ಮಾಡಿದ ಮೇಲೆ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಅಲ್ಲಿ ದೊಡ್ಡ ಪ್ರಮಾಣದ ಪ್ರಯೋಗಾತ್ಮಕ ಅಧ್ಯಯನ ಮಾಡಿದರು. ಸೋರಿಕೆ ನಿಲ್ಲಲಿಲ್ಲ; ಮೊದಲೇ ಆಧಾರ್ ಜೋಡಿಸದಿದ್ದ ಕುಟುಂಬಗಳಿಗೆ ಸಿಗುತ್ತಿದ್ದ ಪಡಿತರ ಸುಮಾರು ಶೇ. 10 ಕಡಿಮೆಯಾಯಿತು. ನಮ್ಮ ರಾಜ್ಯದಲ್ಲೇ, 2017ರ ಜುಲೈನಲ್ಲಿ, ಗೋಕರ್ಣದ ದಲಿತ ಕುಟುಂಬವೊಂದರ ಮೂವರು ಸಹೋದರರು ತೀರಿಕೊಂಡರು. ಆಧಾರ್ ಜೋಡಣೆಯಾಗದೆ ಆ ಮನೆಗೆ ಪಡಿತರ ನಿಂತಿತ್ತು, ಸಾವಿಗೆ ಹಸಿವು ಕಾರಣ ಎಂದು ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೇಳಿತು, ಸರ್ಕಾರ ಒಪ್ಪಲಿಲ್ಲ.

ಅಂಗನವಾಡಿಯಲ್ಲಿ ಹಾನಿ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. 2019-21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಆರು ತಿಂಗಳು ದಾಟಿದವರಲ್ಲಿ ಶೇ. 65.5ರಷ್ಟು ರಕ್ತಹೀನತೆ ಇರುವವರು. ಗರ್ಭದಿಂದ ಎರಡನೇ ಹುಟ್ಟುಹಬ್ಬದವರೆಗಿನ ಸಾವಿರ ದಿನಗಳಲ್ಲಿ ಮೆದುಳು ಅತಿ ವೇಗವಾಗಿ ಬೆಳೆಯುತ್ತದೆ. ಆಗ ತಪ್ಪಿದ ಆಹಾರವನ್ನು ಆಮೇಲೆ ಕೊಟ್ಟು ತುಂಬಿಸುವುದು ಬಹಳ ಕಷ್ಟ. ಇಂದು ತಾಯಿಯ ಮುಖ ಹೊಂದದೆ ವಾಪಸು ಹೋದ ಕೂಸು ಐದಾರು ವರ್ಷದಲ್ಲಿ ಒಂದನೇ ತರಗತಿಯ ಹಿಂದಿನ ಸಾಲಿನಲ್ಲಿ ಕಲಿಯಲಾರದೆ ಕೂತಿರಬಹುದು, ಮಾಸ್ತರರು ದಡ್ಡ ಅನ್ನಬಹುದು. ಮೂರರಿಂದ ಆರು ವರ್ಷದ ಮಕ್ಕಳಿಗೆ ಹಾಡು, ಕತೆ, ಅಕ್ಷರ ಹೇಳಿಕೊಡಬೇಕಾದವರೂ ಫೋನು ಹಿಡಿದು ಮುಖ ತಾಳೆ ನೋಡುವ ಇದೇ ಅಂಗನವಾಡಿ ಟೀಚರು. ಸರ್ವರ್ ಕಾಯುತ್ತ ಕಳೆದ ಅವರ ಹೊತ್ತು ಆ ಮಕ್ಕಳ ಪಾಲಿನದು. ಇಷ್ಟು ಸಾಲದೆಂಬಂತೆ 2025ರಲ್ಲಿ ರಾಜ್ಯ ಸರ್ಕಾರ ಶಾಲೆಗಳಿಗೂ ಮುಖ ಗುರುತಿನ ಹಾಜರಾತಿ ತರುವ ಯೋಜನೆ ಪ್ರಕಟಿಸಿತು.

ಕಾನೂನು ಮಾತ್ರ ತಾಯಂದಿರ ಪರವಾಗಿಯೇ ಇದೆ. 2013ರ ಆಹಾರ ಭದ್ರತಾ ಕಾಯ್ದೆ ಗರ್ಭಿಣಿ, ಬಾಣಂತಿ, ಮಕ್ಕಳಿಗೆ ಪೌಷ್ಟಿಕ ಆಹಾರವನ್ನು ಹಕ್ಕಾಗಿ ಕೊಟ್ಟಿದೆ. ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸೌಲಭ್ಯ ನಿರಾಕರಿಸಕೂಡದು ಎಂದು 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ.

ಆ ಹಕ್ಕನ್ನು ಊರಿನವರೇ ಕೇಳಿ ಪಡೆಯಬೇಕು. ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಸಹಕಾರ ಸಂಘ ಕಟ್ಟಿದರು. ಊರಿನ ಲೆಕ್ಕವನ್ನು ಊರಿನವರೇ ಇಡಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕುರ್ತಕೋಟಿಯವರೇ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳವರೇ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಕಳೆದ ತಿಂಗಳು ನಮ್ಮೂರ ಅಂಗನವಾಡಿಗೆ ಬಂದು ಬರಿಗೈಲಿ ಹೋದ ತಾಯಂದಿರು ಎಷ್ಟು? ಆ ಸಂಖ್ಯೆಯನ್ನು ಠರಾವಿನಲ್ಲಿ ಬರೆಸಿ. ಆ್ಯಪ್ ಕೆಟ್ಟ ದಿನ ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು ಆಹಾರ ಕೊಡಬೇಕೆಂದು ಲಿಖಿತ ಆದೇಶ ಕೇಳಿ, ಅದು ಕೈಗೆ ಬರುವವರೆಗೂ ಬಿಡಬೇಡಿ.